ನಿಷೇಧಾಜ್ಞೆಗೂ ಒಂದು ಕೊನೆಯ ದಿನವಿದೆ

ಮಾರ್ಚ್ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸಣ್ಣ ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಪರೀಕ್ಷಾ ಕೇಂದ್ರಗಳ ಸುತ್ತ 200 ಮೀಟರ್ ವ್ಯಾಪ್ತಿಯಲ್ಲಿ ನಿಷೇಧಾಜ್ಞೆ, ಪರೀಕ್ಷೆ ನಡೆಯುವ ಹೊತ್ತಿನಲ್ಲಿ ಜೆರಾಕ್ಸ್ ಅಂಗಡಿಗಳು ಬಂದ್ ಎಂಬ ಸುದ್ದಿ ಅದು. ಮಗಳನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಬಿಡಲು ಬಂದ ಅಪ್ಪ ಗೇಟಿನಿಂದ ದೂರ ಹೋಗಿ ಮರದ ನೆರಳಲ್ಲಿ ನಿಲ್ಲುತ್ತಾನೆ. ಅಂಗಡಿಯವರು ಅರ್ಧ ದಿನದ ವ್ಯಾಪಾರ ಬಿಡುತ್ತಾರೆ. ಯಾರೂ ತಕರಾರು ತೆಗೆಯುವುದಿಲ್ಲ. ಆಜ್ಞೆಯ ಕಾರಣ ಎಲ್ಲರಿಗೂ ಗೊತ್ತಿರುತ್ತದೆ, ಅದು ಮುಗಿಯುವ ದಿನವೂ ಗೊತ್ತಿರುತ್ತದೆ.

ಇದೇ ನಿಷೇಧಾಜ್ಞೆ ಗಲಭೆಯ ದಿನವೂ ಜಾರಿಯಾಗುತ್ತದೆ; ಚುನಾವಣೆಗೂ, ಬಂದ್‌ಗೂ, ಪ್ರತಿಭಟನೆಗೂ ಜಾರಿಯಾಗುತ್ತದೆ. ಅಂಗಡಿ ತೆರೆಯಬಹುದೇ, ಮದುವೆ ನಡೆಸಬಹುದೇ, ಐದು ಮಂದಿ ಒಟ್ಟಿಗೆ ನಿಂತರೆ ಪೊಲೀಸರು ಹಿಡಿಯುತ್ತಾರೆಯೇ ಎಂದು ಜನ ಆಗ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಇದು ಎಷ್ಟು ದಿನ ಎಂದು ಕೇಳುವವರು ಮಾತ್ರ ಕಡಿಮೆ. ಕಾನೂನಿನಲ್ಲಿ ಆ ಪ್ರಶ್ನೆಗೆ ಖಚಿತ ಉತ್ತರವಿದೆ. ನಾಗರಿಕರ ಓಡಾಟ, ಸಭೆ, ಮೆರವಣಿಗೆಗಳನ್ನು ತಡೆಯುವ ಅಧಿಕಾರವನ್ನು ಅಧಿಕಾರಿಯ ಕೈಗೆ ಕೊಡುವಾಗಲೇ ಕಾನೂನು ಅದಕ್ಕೆ ಗಡುವನ್ನೂ ಕಟ್ಟಿದೆ. ಆ ಗಡುವನ್ನು ಓದಲು ಬಂದರೆ ಆದೇಶದ ಬಹುಪಾಲು ಅರ್ಥವಾದಂತೆ.

ನೂರಾ ನಲವತ್ತನಾಲ್ಕು ಈಗ ನೂರಾ ಅರವತ್ಮೂರು

ಜನರ ಬಾಯಲ್ಲಿ ಇಂದಿಗೂ ಅದು ‘144’. 2024ರ ಜುಲೈ 1ರಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ಹಳೆಯ ಸೆಕ್ಷನ್ 144 ಅಲ್ಲಿ ಸೆಕ್ಷನ್ 163 ಆಯಿತು. ಸಂಖ್ಯೆ ಬದಲಾಯಿತು, ತಿರುಳು ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಹೀಗಾಗಿ ಹಳೆಯ ಸೆಕ್ಷನ್ ಬಗ್ಗೆ ನ್ಯಾಯಾಲಯಗಳು ಹೇಳಿದ ಮಾತು ಹೊಸದನ್ನು ಓದುವಾಗಲೂ ದಾರಿ ತೋರುತ್ತದೆ.

ಆದೇಶ ಹೊರಡಿಸುವ ಅಧಿಕಾರ ಜಿಲ್ಲಾ ದಂಡಾಧಿಕಾರಿಗೆ, ಎಂದರೆ ಜಿಲ್ಲಾಧಿಕಾರಿಗೆ ಇದೆ. ಉಪವಿಭಾಗಾಧಿಕಾರಿಗೂ, ರಾಜ್ಯ ಸರ್ಕಾರ ವಿಶೇಷವಾಗಿ ಅಧಿಕಾರ ಕೊಟ್ಟ ಇತರ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೂ ಇದೆ. ಬೆಂಗಳೂರಿನಂಥ ಕಮಿಷನರೇಟ್ ನಗರದಲ್ಲಿ ದಂಡಾಧಿಕಾರಿಯ ಈ ಅಧಿಕಾರವನ್ನು ಪೊಲೀಸ್ ಕಮಿಷನರ್ ಚಲಾಯಿಸುತ್ತಾರೆ. ಠಾಣೆಯ ಇನ್‌ಸ್ಪೆಕ್ಟರ್ ತಾವಾಗಿ ನಿಷೇಧಾಜ್ಞೆ ಹೇರುವಂತಿಲ್ಲ. ಮೇಲಿನಿಂದ ಬಂದ ಆದೇಶವನ್ನು ಜಾರಿ ಮಾಡುವುದಷ್ಟೇ ಅವರ ಕೆಲಸ.

ಆದೇಶ ಬರಹದಲ್ಲಿ ಇರಬೇಕು. ಯಾವ ಸಂಗತಿಗಳ ಮೇಲೆ ಅದನ್ನು ಹೊರಡಿಸಲಾಯಿತು ಎಂಬುದು ಅದರಲ್ಲೇ ಇರಬೇಕು. ಮನುಷ್ಯರ ಜೀವ, ಆರೋಗ್ಯ, ಸುರಕ್ಷತೆಗೆ ಅಪಾಯ, ಸಾರ್ವಜನಿಕ ಶಾಂತಿಗೆ ಭಂಗ, ಗಲಭೆ, ಹೊಡೆದಾಟ, ಕಾನೂನುಬದ್ಧವಾಗಿ ಕೆಲಸ ಮಾಡುವವರಿಗೆ ಅಡ್ಡಿ, ಕಿರುಕುಳ ಅಥವಾ ಹಾನಿ ಇವುಗಳನ್ನು ತಡೆಯಲು, ಕೂಡಲೇ ಕ್ರಮ ಬೇಕು ಅನ್ನಿಸಿದಾಗ ಮಾತ್ರ ಇದರ ಬಳಕೆ.

ಕರ್ಫ್ಯೂ ಎಂಬುದಕ್ಕೂ ಸಾಮಾನ್ಯವಾಗಿ ಇದೇ ಸೆಕ್ಷನ್ ಆಧಾರ. ನಿಷೇಧಾಜ್ಞೆ ಎಂದ ಮಾತ್ರಕ್ಕೆ ಕರ್ಫ್ಯೂ ಅಲ್ಲ. 2016ರ ಸೆಪ್ಟೆಂಬರ್ 12ರಂದು ಕಾವೇರಿ ನೀರಿನ ವಿಚಾರಕ್ಕೆ ಬೆಂಗಳೂರು ಹೊತ್ತಿ ಉರಿದಾಗ ನಗರದಲ್ಲಿ ನಿಷೇಧಾಜ್ಞೆ ಇತ್ತು. ಕರ್ಫ್ಯೂ ಇದ್ದದ್ದು 16 ಠಾಣೆಗಳ ವ್ಯಾಪ್ತಿಯಲ್ಲಿ ಮಾತ್ರ. ಒಂದು ಕಡೆ ಗುಂಪು ಸೇರುವಂತಿರಲಿಲ್ಲ, ಇನ್ನೊಂದು ಕಡೆ ಮನೆಯಿಂದ ಹೊರಗೇ ಬರುವಂತಿರಲಿಲ್ಲ. ಏನು ನಿಷೇಧ, ಏನಲ್ಲ ಎಂಬುದನ್ನು ಆಯಾ ಆದೇಶದ ಒಕ್ಕಣೆಯಲ್ಲೇ ನೋಡಬೇಕು.

ಎರಡು ತಿಂಗಳ ಲೆಕ್ಕ

ಈಗ ಗಡುವಿನ ವಿಷಯ. ದಂಡಾಧಿಕಾರಿ ಹೊರಡಿಸಿದ ಆದೇಶ, ಹೊರಡಿಸಿದ ದಿನದಿಂದ ಎರಡು ತಿಂಗಳಿಗಿಂತ ಹೆಚ್ಚು ಕಾಲ ಜಾರಿಯಲ್ಲಿರುವಂತಿಲ್ಲ. ಇದು ಗರಿಷ್ಠ ಮಿತಿ. ಆದೇಶದಲ್ಲಿ ಮೂರು ದಿನ ಎಂದಿದ್ದರೆ ಮೂರನೆಯ ದಿನಕ್ಕೆ ಅದು ಮುಗಿಯಿತು, ಎರಡು ತಿಂಗಳವರೆಗೆ ತಾನಾಗಿ ಮುಂದುವರಿಯುವುದಿಲ್ಲ.

ಎರಡು ತಿಂಗಳ ನಂತರವೂ ಬೇಕು ಅನ್ನಿಸಿದರೆ ದಂಡಾಧಿಕಾರಿಗೆ ಮುಂದುವರಿಸುವ ಅಧಿಕಾರವಿಲ್ಲ. ಅದು ರಾಜ್ಯ ಸರ್ಕಾರದ ಕೈಲಿದೆ, ಅದಕ್ಕೆ ಅಧಿಸೂಚನೆಯೇ ಬೇಕು. ಸರ್ಕಾರಕ್ಕೂ ಮಿತಿ ಇದೆ: ಮೊದಲ ಆದೇಶ ಮುಗಿಯಬೇಕಿದ್ದ ದಿನದಿಂದ ಆರು ತಿಂಗಳು, ಅಷ್ಟೆ. ಜನವರಿ 10ರಂದು ಹೊರಟ ಆದೇಶ ಪೂರ್ಣಾವಧಿ ನಡೆದರೆ ಮಾರ್ಚ್ 10ಕ್ಕೆ ಮುಗಿಯುತ್ತದೆ. ಸರ್ಕಾರ ಪೂರ್ತಿ ಆರು ತಿಂಗಳು ವಿಸ್ತರಿಸಿದರೂ ಸೆಪ್ಟೆಂಬರ್ 10 ದಾಟುವಂತಿಲ್ಲ. ಒಟ್ಟು ಎಂಟು ತಿಂಗಳು. ಇಲ್ಲಿ ತಿಂಗಳು ಎಂದರೆ ಕ್ಯಾಲೆಂಡರ್ ತಿಂಗಳು, ಮೂವತ್ತು ದಿನದ ಲೆಕ್ಕವಲ್ಲ.

ಇನ್ನೊಂದು ಸೂಕ್ಷ್ಮವಿದೆ. ಮೊದಲ ಆದೇಶಕ್ಕೆ ಯಾರಿಗೋ ಅಡ್ಡಿ, ಕಿರುಕುಳ ಎಂಬ ಕಾರಣವೂ ಸಾಕಾಗಬಹುದು. ಸರ್ಕಾರದ ವಿಸ್ತರಣೆಗೆ ಅದು ಸಾಲದು. ಜೀವ, ಆರೋಗ್ಯ, ಸುರಕ್ಷತೆಗೆ ಅಪಾಯ ಅಥವಾ ಗಲಭೆ, ಹೊಡೆದಾಟದ ಸಂಭವ ಇದ್ದರೆ ಮಾತ್ರ ವಿಸ್ತರಣೆ. ನಿರ್ಬಂಧದ ಕಾಲ ಹೆಚ್ಚಿದಷ್ಟೂ ಕೊಡಬೇಕಾದ ಕಾರಣದ ತೂಕವೂ ಹೆಚ್ಚಬೇಕು ಎಂಬುದು ಈ ಕಾನೂನಿನ ಕಟ್ಟು.

ಮುಗಿದ ಆದೇಶಕ್ಕೆ ಮತ್ತೆ ಜೀವ ಕೊಟ್ಟರೆ?

ಗಡುವು ಇದ್ದರೂ ಅದನ್ನು ದಾಟುವ ಒಂದು ಸುಲಭ ದಾರಿ ಇದೆ. ಹಳೆಯ ಆದೇಶ ಮುಗಿಯುತ್ತಿದ್ದಂತೆ ಅದೇ ಒಕ್ಕಣೆಯ ಹೊಸ ಆದೇಶ ಹೊರಡಿಸುವುದು. ಕೋಲ್ಕತ್ತದಲ್ಲಿ ನಡೆದದ್ದು ಅದೇ. ಆನಂದಮಾರ್ಗ ಪಂಥದವರು ತಲೆಬುರುಡೆ, ತ್ರಿಶೂಲ, ಚೂರಿ ಹಿಡಿದು ಸಾರ್ವಜನಿಕ ಮೆರವಣಿಗೆಯಲ್ಲಿ ತಾಂಡವ ನೃತ್ಯ ಮಾಡುವುದನ್ನು ತಡೆಯಲು ಅಲ್ಲಿನ ಪೊಲೀಸ್ ಕಮಿಷನರ್ 1979ರಿಂದ 144ರ ಅಡಿ ಒಂದರ ಹಿಂದೆ ಒಂದು ಆದೇಶ ಹೊರಡಿಸುತ್ತಾ ಹೋದರು. ಆಚಾರ್ಯ ಜಗದೀಶ್ವರಾನಂದ ಅವಧೂತ ಅವರು ಸುಪ್ರೀಂ ಕೋರ್ಟಿಗೆ ಹೋದರು.

1983ರಲ್ಲಿ ತೀರ್ಪು ಬಂತು. ತಾಂಡವ ನೃತ್ಯ ಆ ಪಂಥದ ಧರ್ಮಕ್ಕೆ ಅತ್ಯಗತ್ಯವಾದ ಆಚರಣೆ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಗಡುವಿನ ಪ್ರಶ್ನೆಯಲ್ಲಿ ಮಾತ್ರ ಅದರ ನಿಲುವು ಸ್ಪಷ್ಟವಾಗಿತ್ತು. 144ರ ಆದೇಶ ಕಾಯಂ ಆಗಲು, ಅರೆಕಾಯಂ ಆಗಲು ಮಾಡಿದ್ದಲ್ಲ. ಎರಡು ತಿಂಗಳ ಮಿತಿಯನ್ನು ಮೀರಲು ಮತ್ತೆ ಮತ್ತೆ ಆದೇಶ ಹೊರಡಿಸುವುದು ಅಧಿಕಾರದ ದುರುಪಯೋಗ ಎಂದಿತು. ಎರಡು ತಿಂಗಳ ಆಚೆಗೆ ಬೇಕಾದರೆ ರಾಜ್ಯ ಸರ್ಕಾರದ ಕಡೆಗೇ ಹೋಗಬೇಕು ಎಂದು ಶಾಸನವೇ ಹೇಳಿರುವಾಗ, ದಂಡಾಧಿಕಾರಿ ಅದೇ ಫಲವನ್ನು ಹೊಸ ಆದೇಶಗಳ ಮೂಲಕ ಪಡೆಯುವಂತಿಲ್ಲ.

ಈ ಸೆಕ್ಷನ್ ಸಂವಿಧಾನಕ್ಕೆ ವಿರುದ್ಧವೇ ಎಂಬ ಪ್ರಶ್ನೆ ಅದಕ್ಕೂ ಮೊದಲೇ ಎರಡು ಬಾರಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. 1961ರಲ್ಲಿ ನಾಗಪುರದ ಬಾಬುಲಾಲ್ ಪರಾಟೆ ಪ್ರಕರಣ, 1970ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠದ ಮುಂದೆ ಮಧು ಲಿಮಯೆ ಪ್ರಕರಣ. ಎರಡರಲ್ಲೂ ಸೆಕ್ಷನ್ ಊರ್ಜಿತವಾಯಿತು. ತುರ್ತು ಇದ್ದಾಗ ಮಾತ್ರ ಬಳಸುವ ಅಧಿಕಾರ ಎಂಬುದು ಅದನ್ನು ಎತ್ತಿಹಿಡಿಯಲು ಮುಖ್ಯ ಕಾರಣಗಳಲ್ಲಿ ಒಂದು. ಗಡುವನ್ನು ಕಡೆಗಣಿಸಿದರೆ ಆ ಕಾರಣವೇ ಕುಸಿದುಬೀಳುತ್ತದೆ.

ಬೆಂಗಳೂರಿನ ಮೂರು ದಿನ

ಕಡಿಮೆ ದಿನದ ಆದೇಶ ಎಂದರೆ ಸರಿಯಾದ ಆದೇಶ ಎಂದೇನೂ ಅಲ್ಲ. 2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆಗಳು ಕಾವೇರಿದಾಗ ಬೆಂಗಳೂರು ನಗರದಲ್ಲಿ 19ರ ಬೆಳಿಗ್ಗೆ 6ರಿಂದ 21ರ ಮಧ್ಯರಾತ್ರಿಯವರೆಗೆ ನಿಷೇಧಾಜ್ಞೆ ಜಾರಿಯಾಯಿತು. 19ರಂದು ಟೌನ್ ಹಾಲ್ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಅವರೂ ಸೇರಿ ಹಲವರನ್ನು ಪೊಲೀಸರು ವಶಕ್ಕೆ ಪಡೆದರು. ಆದೇಶವನ್ನು ಪ್ರಶ್ನಿಸಿ ಶಾಸಕಿ ಸೌಮ್ಯಾ ರೆಡ್ಡಿ, ಸಂಸದ ರಾಜೀವ್ ಗೌಡ ಮೊದಲಾದವರು ಹೈಕೋರ್ಟ್ ಮೆಟ್ಟಿಲೇರಿದರು.

ತೀರ್ಪು ಬಂದದ್ದು 2020ರ ಫೆಬ್ರವರಿ 13ರಂದು. ಆದೇಶದ ಅವಧಿ ಮುಗಿದು ಐವತ್ತು ದಿನ ದಾಟಿತ್ತು. ಮುಗಿದುಹೋದ ಆದೇಶದ ಬಗ್ಗೆ ಈಗೇಕೆ ಮಾತು ಎಂದು ಹೈಕೋರ್ಟ್ ಕೈಬಿಡಲಿಲ್ಲ. ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಮತ್ತು ನ್ಯಾಯಮೂರ್ತಿ ಹೇಮಂತ್ ಚಂದನಗೌಡರ್ ಅವರ ಪೀಠ ಆ ಆದೇಶ ಕಾನೂನಿನ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ ಎಂದಿತು. ಡಿಸಿಪಿಗಳು ಬರೆದ ಪತ್ರಗಳನ್ನು ಮುಂದಿಟ್ಟುಕೊಂಡರೆ ಸಾಲದು. ದಂಡಾಧಿಕಾರಿ ತಾವೇ ಪರಿಶೀಲಿಸಿ, ನಿರ್ಬಂಧ ಏಕೆ ಅಗತ್ಯ ಎಂಬ ತಮ್ಮ ಅಭಿಪ್ರಾಯವನ್ನು ಕಾರಣಸಹಿತ ದಾಖಲಿಸಬೇಕಿತ್ತು ಎಂಬುದು ಅದರ ನಿಲುವಿನ ಸಾರ.

ಮೂರು ದಿನದ ಆದೇಶ ನ್ಯಾಯಾಲಯದ ಕೈಗೆ ಬರುವ ಹೊತ್ತಿಗೆ ತನ್ನ ಕೆಲಸ ಮುಗಿಸಿರುತ್ತದೆ ಎಂಬುದು ನಿಜ. ಆ ದಿನ ತಪ್ಪಿದ ಸಭೆ ಮತ್ತೆ ಸಿಗುವುದಿಲ್ಲ. ಆದರೆ ಕನ್ನಡ ನಾಡಿನ ಯಾವುದೇ ಜಿಲ್ಲೆಯಲ್ಲಿ ಮುಂದಿನ ಆದೇಶವನ್ನು ಪ್ರಶ್ನಿಸುವವರಿಗೆ ಆ ತೀರ್ಪು ಆಧಾರವಾಗಿ ಉಳಿದಿದೆ. ಗಡುವಿನ ಜೊತೆಗೆ ಕಾರಣವನ್ನೂ ಓದಬೇಕು ಎಂಬುದು ಅದರಿಂದ ಕಲಿಯಬೇಕಾದದ್ದು.

ಇಂಟರ್ನೆಟ್‌ಗೆ ಹದಿನೈದು ದಿನ

ಇಂದಿನ ನಿಷೇಧಾಜ್ಞೆಯ ಜೊತೆಗೆ ಹಲವು ಕಡೆ ಇಂಟರ್ನೆಟ್ ಸ್ಥಗಿತವೂ ಬರುತ್ತದೆ. 2019ರ ಆಗಸ್ಟ್ 4ರಂದು ಜಮ್ಮು ಮತ್ತು ಕಾಶ್ಮೀರದಲ್ಲಿ ಫೋನ್, ಇಂಟರ್ನೆಟ್ ಸ್ಥಗಿತವಾದವು, ಅದರ ಬೆನ್ನಿಗೇ ನಿಷೇಧಾಜ್ಞೆಗಳೂ ಜಾರಿಯಾದವು. ‘ಕಾಶ್ಮೀರ್ ಟೈಮ್ಸ್’ ಪತ್ರಿಕೆಯ ಕಾರ್ಯನಿರ್ವಾಹಕ ಸಂಪಾದಕಿ ಅನುರಾಧಾ ಭಸೀನ್ ಸುಪ್ರೀಂ ಕೋರ್ಟಿಗೆ ಹೋದರು. 2020ರ ಜನವರಿ 10ರ ತೀರ್ಪು ಎರಡು ವಿಷಯ ಹೇಳಿತು. ಅನಿರ್ದಿಷ್ಟ ಅವಧಿಗೆ ಇಂಟರ್ನೆಟ್ ನಿಲ್ಲಿಸುವುದು ಒಪ್ಪತಕ್ಕದ್ದಲ್ಲ. ನಿಷೇಧಾಜ್ಞೆಯನ್ನು ನ್ಯಾಯಯುತ ಅಭಿಪ್ರಾಯ ಹತ್ತಿಕ್ಕಲು ಬಳಸುವಂತಿಲ್ಲ, ಅದನ್ನು ಮತ್ತೆ ಮತ್ತೆ ಹೊರಡಿಸುವುದು ದುರುಪಯೋಗವಾಗುತ್ತದೆ. ಜನ ಪ್ರಶ್ನಿಸಲು ಸಾಧ್ಯವಾಗಬೇಕಾದರೆ ಆದೇಶಗಳನ್ನು ಪ್ರಕಟಿಸಲೇಬೇಕು ಎಂದೂ ಅದು ಹೇಳಿತು.

ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಟೆಲಿಕಾಂ ಸ್ಥಗಿತ ನಿಯಮಗಳಿಗೆ ತಿದ್ದುಪಡಿ ತಂದು, ಒಂದು ಆದೇಶ 15 ದಿನಕ್ಕಿಂತ ಹೆಚ್ಚು ನಡೆಯುವಂತಿಲ್ಲ ಎಂದಿತು. 2024ರ ಹೊಸ ನಿಯಮಗಳಲ್ಲೂ ಆ ಮಿತಿ ಉಳಿದಿದೆ.

ಬೇರೆ ಬೇರೆ ಗಡುವುಗಳು

ಯಾವ ಕಾನೂನಿನ ಅಡಿ ನಿರ್ಬಂಧ ಬಂದಿದೆ ಎಂಬುದರ ಮೇಲೆ ಗಡುವು ಬದಲಾಗುತ್ತದೆ. ಮುಂಬೈಯಲ್ಲಿರುವ ಕನ್ನಡಿಗರು ಪೊಲೀಸ್ ಕಾಯ್ದೆಯ ಸೆಕ್ಷನ್ 37ರ ಹೆಸರು ಕೇಳಿರುತ್ತಾರೆ. 1951ರ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ ಆ ಸೆಕ್ಷನ್ ಪ್ರಕಾರ ಸಭೆ, ಮೆರವಣಿಗೆಗಳ ಮೇಲಿನ ನಿಷೇಧ ರಾಜ್ಯ ಸರ್ಕಾರದ ಮಂಜೂರಾತಿ ಇಲ್ಲದೆ 15 ದಿನ ದಾಟುವಂತಿಲ್ಲ.

ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯ ಅಡಿ ಒಂದು ಪ್ರದೇಶವನ್ನು ‘ಪ್ರಕ್ಷುಬ್ಧ’ ಎಂದು ಘೋಷಿಸುವ ಸೆಕ್ಷನ್‌ನಲ್ಲಿ ದಿನದ ಲೆಕ್ಕವಿರಲಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಎತ್ತಿಹಿಡಿಯಿತಾದರೂ, ಘೋಷಣೆ ಸೀಮಿತ ಅವಧಿಯದ್ದಾಗಿರಬೇಕು, ಆರು ತಿಂಗಳು ಮುಗಿಯುವ ಮೊದಲು ಮರುಪರಿಶೀಲನೆ ಆಗಲೇಬೇಕು ಎಂದಿತು. ನಾಗಾಲ್ಯಾಂಡ್ ಬಗ್ಗೆ ಆರಾರು ತಿಂಗಳಿಗೆ ಬರುವ ಅಧಿಸೂಚನೆಗಳ ಹಿಂದೆ ಈ ತೀರ್ಪಿದೆ.

ಗಡುವೇ ಇಲ್ಲದ ಕಾನೂನೂ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಜಿಲ್ಲಾ ಪ್ರಾಧಿಕಾರಕ್ಕೆ ಓಡಾಟ ನಿರ್ಬಂಧಿಸುವ ಅಧಿಕಾರ ಕೊಡುತ್ತದೆ, ಆದರೆ ಇಷ್ಟೇ ದಿನ ಎನ್ನುವುದಿಲ್ಲ. ಕೊರೊನಾ ಕಾಲದಲ್ಲಿ 2020ರ ಮಾರ್ಚ್ 25ರಿಂದ 21 ದಿನಕ್ಕೆಂದು ಆರಂಭವಾದ ಲಾಕ್‌ಡೌನ್ ಅದೇ ಕಾಯ್ದೆಯ ಅಡಿ ಮೇ 3ಕ್ಕೆ, ಮೇ 17ಕ್ಕೆ, ಕೊನೆಗೆ ಮೇ 31ಕ್ಕೆ ಮುಂದುವರಿಯಿತು. ಪ್ರತಿ ಬಾರಿಯೂ ಕೊನೆಯ ದಿನವನ್ನು ಹೇಳಿದ್ದು ಆದೇಶ, ಕಾಯ್ದೆಯಲ್ಲ. ಇದು ನಮ್ಮ ಕಾನೂನಿನಲ್ಲಿರುವ ಕೊರತೆ. ಶಾಸನಸಭೆಗಳು ತುಂಬಿಕೊಡಬೇಕಾದ ಜಾಗ.

ಅಮೆರಿಕದ ಕೆಲವು ರಾಜ್ಯಗಳು ಈ ಕೆಲಸ ಮಾಡಿವೆ. ಕ್ಯಾಲಿಫೋರ್ನಿಯಾದಲ್ಲಿ ಅಧಿಕಾರಿಯೊಬ್ಬರು ಸ್ಥಳೀಯ ತುರ್ತುಸ್ಥಿತಿ ಘೋಷಿಸಿದರೆ ಏಳು ದಿನದೊಳಗೆ ನಗರ ಅಥವಾ ಕೌಂಟಿಯ ಆಡಳಿತ ಮಂಡಳಿ ಅನುಮೋದಿಸಬೇಕು, ಆಮೇಲೆ 60 ದಿನಕ್ಕೊಮ್ಮೆಯಾದರೂ ಮರುಪರಿಶೀಲಿಸಬೇಕು. ಟೆಕ್ಸಾಸ್‌ನಲ್ಲಿ ಮೇಯರ್ ಅಥವಾ ಕೌಂಟಿ ನ್ಯಾಯಾಧೀಶರ ವಿಪತ್ತು ಘೋಷಣೆಯೂ ಆಡಳಿತ ಮಂಡಳಿಯ ಒಪ್ಪಿಗೆ ಇಲ್ಲದೆ ಏಳು ದಿನ ದಾಟುವುದಿಲ್ಲ. ಫ್ಲೋರಿಡಾ 2021ರಲ್ಲಿ ಇನ್ನೂ ಬಿಗಿ ಮಾಡಿತು: ಸ್ಥಳೀಯ ಸಂಸ್ಥೆಯ ತುರ್ತು ಆದೇಶ ಏಳು ದಿನಕ್ಕೆ ತಾನಾಗಿ ಮುಗಿಯುತ್ತದೆ, ಸದಸ್ಯರ ಬಹುಮತದಿಂದ ಏಳೇಳು ದಿನ ವಿಸ್ತರಿಸಬಹುದು, ಒಟ್ಟು 42 ದಿನ ಮೀರುವಂತಿಲ್ಲ. ಸ್ಯಾನ್ ಹೋಸೆಯ ಕನ್ನಡಿಗರೂ ಹ್ಯೂಸ್ಟನ್ನಿನ ಕನ್ನಡಿಗರೂ ಕಾಡ್ಗಿಚ್ಚು, ಚಂಡಮಾರುತದ ಹೊತ್ತಿನಲ್ಲಿ ಬದುಕುವುದು ಈ ಲೆಕ್ಕದೊಳಗೆ. ಅಲ್ಲಿ ವಿಸ್ತರಣೆಗೆ ಚುನಾಯಿತ ಸದಸ್ಯರು ಕೈ ಎತ್ತಬೇಕು. ನಮ್ಮಲ್ಲಿ ನಿಷೇಧಾಜ್ಞೆಯ ವಿಸ್ತರಣೆಗೆ ಪಾಲಿಕೆಯೂ, ಪಂಚಾಯಿತಿಯೂ, ವಿಧಾನಸಭೆಯೂ ಮತ ಹಾಕಬೇಕಿಲ್ಲ; ಸರ್ಕಾರದ ಅಧಿಸೂಚನೆ ಸಾಕು.

ಆದೇಶ ಕೈಗೆ ಬಂದಾಗ ಓದುವ ಕ್ರಮ

ಮೊದಲು ಆದೇಶದ ಪ್ರತಿ ಹುಡುಕಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಸಂದೇಶ ಆದೇಶವಲ್ಲ. ನಿರ್ದಿಷ್ಟ ವ್ಯಕ್ತಿಗೆ ಹೊರಟ ಆದೇಶವನ್ನು ಸಮನ್ಸ್‌ನಂತೆ ಆ ವ್ಯಕ್ತಿಗೇ ಮುಟ್ಟಿಸಬೇಕು. ಹಾಗೆ ಮುಟ್ಟಿಸಲಾಗದಿದ್ದರೆ ಪ್ರಕಟಣೆ ಹೊರಡಿಸಿ, ಜನರಿಗೆ ಕಾಣುವ ಜಾಗದಲ್ಲಿ ಪ್ರತಿ ಅಂಟಿಸಬೇಕು. ಜಿಲ್ಲಾಧಿಕಾರಿ ಕಚೇರಿ, ಕಮಿಷನರ್ ಕಚೇರಿ, ಠಾಣೆ, ಜಿಲ್ಲಾಡಳಿತದ ಜಾಲತಾಣದಲ್ಲಿ ವಿಚಾರಿಸಿ.

ಪ್ರತಿ ಸಿಕ್ಕ ಮೇಲೆ ಆರು ಅಂಶ ಗುರುತು ಹಾಕಿಕೊಳ್ಳಿ. ಸಹಿ ಮಾಡಿದ್ದು ಯಾರು, ಅವರಿಗೆ ಆ ಅಧಿಕಾರ ಇದೆಯೇ. ಯಾವ ಸೆಕ್ಷನ್ ಅಡಿ. ಯಾವ ಪ್ರದೇಶಕ್ಕೆ, ಯಾವ ಕೆಲಸಕ್ಕೆ ನಿಷೇಧ. ಮದುವೆ, ಶವಯಾತ್ರೆ, ಆಸ್ಪತ್ರೆಗೆ ಹೋಗುವುದಕ್ಕೆ ವಿನಾಯಿತಿ ಬರೆದಿದ್ದಾರೆಯೇ. ಎಂದಿನಿಂದ ಎಂದಿನವರೆಗೆ. ಕಾರಣವಾಗಿ ಕೊಟ್ಟ ಸಂಗತಿ ಏನು.

ಕೊನೆಯ ದಿನ ಬರೆದಿಲ್ಲದಿದ್ದರೆ ಆದೇಶದ ದಿನಾಂಕದಿಂದ ಎರಡು ತಿಂಗಳು ಎಣಿಸಿ. ಅದರಾಚೆಗೆ ದಂಡಾಧಿಕಾರಿಯ ಆದೇಶ ಬದುಕುವುದಿಲ್ಲ. ಹಿಂದಿನ ಆದೇಶ ಇದ್ದರೆ ಅದನ್ನೂ ಪಕ್ಕದಲ್ಲಿಟ್ಟು ಓದಿ. ಒಕ್ಕಣೆ ಅದೇ, ಪ್ರದೇಶ ಅದೇ, ಹೊಸ ಸಂಗತಿ ಏನೂ ಇಲ್ಲ, ದಿನಾಂಕ ಮಾತ್ರ ಬದಲಾಗಿದೆ ಎಂದಾದರೆ 1983ರ ತೀರ್ಪು ನಿಮ್ಮ ಪರ ಇದೆ.

ಬದಲಾಯಿಸಲು ಕೇಳುವ ಹಕ್ಕು

ಆದೇಶದಿಂದ ತೊಂದರೆಗೆ ಒಳಗಾದ ಯಾರೇ ಆದರೂ ಅದನ್ನು ರದ್ದು ಮಾಡಿ ಅಥವಾ ಬದಲಿಸಿ ಎಂದು ದಂಡಾಧಿಕಾರಿಗೇ ಅರ್ಜಿ ಕೊಡಬಹುದು. ಮೂರು ತಿಂಗಳ ಮೊದಲೇ ಗೊತ್ತುಮಾಡಿದ ಮದುವೆಯ ದಿಬ್ಬಣ ಇರಬಹುದು, ಅನುಮತಿ ಪಡೆದ ಸಭೆ ಇರಬಹುದು. ವಿಸ್ತರಣೆ ರಾಜ್ಯ ಸರ್ಕಾರದ್ದಾಗಿದ್ದರೆ ಅರ್ಜಿ ಸರ್ಕಾರಕ್ಕೆ. ಅರ್ಜಿದಾರರಿಗೆ ಖುದ್ದಾಗಿ ಅಥವಾ ವಕೀಲರ ಮೂಲಕ ಬೇಗ ಹಾಜರಾಗಿ ಮಾತನಾಡುವ ಅವಕಾಶ ಕೊಡಲೇಬೇಕು. ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದು ಕೊಡಬೇಕು. ಈ ಹಕ್ಕು ಸೆಕ್ಷನ್ 163ರ ಒಳಗೇ ಇದೆ, ಇದಕ್ಕೆ ಹೈಕೋರ್ಟಿನವರೆಗೆ ಹೋಗಬೇಕಿಲ್ಲ. ಅರ್ಜಿ ಕೊಟ್ಟಾಗ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಅಲ್ಲಿ ಕೆಲಸವಾಗದಿದ್ದರೆ ಸಂವಿಧಾನದ 226ನೇ ವಿಧಿಯ ಅಡಿ ಹೈಕೋರ್ಟಿಗೆ ರಿಟ್ ಅರ್ಜಿ. ಬೆಂಗಳೂರಿನ ಪ್ರಧಾನ ಪೀಠದ ಜೊತೆಗೆ ಧಾರವಾಡ, ಕಲಬುರಗಿ ಪೀಠಗಳಿವೆ. ವಕೀಲರ ಖರ್ಚು ಭರಿಸಲಾಗದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕಾಣಬಹುದು, 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ.

ಆದೇಶದ ಪ್ರತಿಯನ್ನೇ ಕೊಡುತ್ತಿಲ್ಲ ಎಂದಾದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಸಾಮಾನ್ಯ ಗಡುವು 30 ದಿನ. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಯೊಳಗೆ ಉತ್ತರ ಬರಬೇಕು.

ಆದೇಶ ತಪ್ಪು ಎಂದು ಅನ್ನಿಸಿದರೂ ಅದು ಜಾರಿಯಲ್ಲಿರುವಾಗ ಉಲ್ಲಂಘಿಸಿದರೆ ಪ್ರಕರಣ ದಾಖಲಾಗಬಹುದು ಎಂಬುದು ನೆನಪಿರಲಿ. ಹಿಂದೆ ಐಪಿಸಿ 188 ಇದ್ದ ಜಾಗದಲ್ಲಿ ಈಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 223 ಇದೆ. ಉಲ್ಲಂಘನೆಯಿಂದ ಅಡ್ಡಿ, ಕಿರುಕುಳ ಆದರೆ ಆರು ತಿಂಗಳವರೆಗೆ ಸಾದಾ ಸಜೆ ಅಥವಾ 2,500 ರೂಪಾಯಿವರೆಗೆ ದಂಡ ಅಥವಾ ಎರಡೂ. ಜೀವಕ್ಕೆ ಅಪಾಯ, ಗಲಭೆಯ ಸಂಭವ ಇದ್ದರೆ ಒಂದು ವರ್ಷದವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಹಳೆಯ ಕಾನೂನಿಗಿಂತ ಇದು ಹೆಚ್ಚು. ಆದರೆ ಪೊಲೀಸರ ಎಫ್‌ಐಆರ್ ಒಂದರ ಮೇಲೆ ನ್ಯಾಯಾಲಯ ಈ ಅಪರಾಧದ ವಿಚಾರಣೆಗೆ ತೊಡಗುವಂತಿಲ್ಲ. ಆದೇಶ ಹೊರಡಿಸಿದ ಅಧಿಕಾರಿ, ಅವರ ಮೇಲಧಿಕಾರಿ ಅಥವಾ ಆ ಅಧಿಕಾರಿಯಿಂದ ಅಧಿಕಾರ ಪಡೆದ ಬೇರೊಬ್ಬ ಸರ್ಕಾರಿ ನೌಕರರು ಲಿಖಿತ ದೂರು ಕೊಡಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 215 ಹೇಳುತ್ತದೆ. ಪ್ರಕರಣ ಎದುರಿಸುವವರು ವಕೀಲರ ಬಳಿ ಮೊದಲು ಕೇಳಬೇಕಾದ ವಿಷಯ ಇದು.

ಮುಂದಿನ ಸಲ ನಿಮ್ಮ ಊರಿನ ಹೆಸರಿನ ಜೊತೆ ‘ನಿಷೇಧಾಜ್ಞೆ ಜಾರಿ’ ಎಂಬ ಸುದ್ದಿ ಬಂದರೆ ಶೀರ್ಷಿಕೆಗೆ ನಿಲ್ಲಬೇಡಿ. ಆದೇಶದ ಪ್ರತಿ ತರಿಸಿಕೊಳ್ಳಿ, ಮುಗಿಯುವ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನ ಕಳೆದ ಮೇಲೂ ನಿರ್ಬಂಧ ಮುಂದುವರಿದರೆ, ಯಾವ ಆದೇಶದ ಮೇಲೆ, ಯಾರ ಸಹಿಯ ಮೇಲೆ ಎಂದು ಲಿಖಿತವಾಗಿ ಕೇಳಿ.